ಶಾಲೆಯ ಆಯ್ಕೆಯೂ ಊರಿನ ಋಣವೂ

ಮಕ್ಕಳನ್ನು ಯಾವ ಶಾಲೆಗೆ ಸೇರಿಸತಕ್ಕದ್ದು ಎಂಬುದು ಮೇಲುನೋಟಕ್ಕೆ ಮನೆಯೊಳಗಿನ ವ್ಯವಹಾರ. ತಂದೆತಾಯಿಗಳು ತಮ್ಮ ಶಕ್ತಿಗೂ ಮಗುವಿನ ಬುದ್ಧಿಗೂ ಅನುಸಾರವಾಗಿ ಅದನ್ನು ನಿರ್ಣಯಿಸಿಕೊಳ್ಳುತ್ತಾರೆ. ಅದರಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ, ಒಂದು ಮಗುವಿನ ಮಾತಿನಿಂದ, ಈ ಪ್ರಶ್ನೆಯು ಮನೆಯ ಹೊಸ್ತಿಲನ್ನು ದಾಟಿ ಊರನ್ನೆಲ್ಲ ಮುಟ್ಟುವಂಥದೆಂದು ನನಗೆ ತಿಳಿದುಬಂದಿತು.

ಕೆಲವು ಕಾಲದ ಹಿಂದೆ ಬಸರಾಳಿನ ನಮ್ಮ ಮನೆಗೆ ಸಮೀಪದ ಹಳ್ಳಿಯ ರೈತನೊಬ್ಬನು ತನ್ನ ಮಗಳನ್ನು ಕರೆದುಕೊಂಡು ಬಂದನು. ಹುಡುಗಿ ಐದನೆಯ ತರಗತಿಯಲ್ಲಿ ಓದುತ್ತಿದ್ದಳು; ಚುರುಕಾದ ಮಗು. "ಮೇಷ್ಟ್ರೇ, ನವೋದಯ ಅಂತಾರೆ, ಮೊರಾರ್ಜಿ ಅಂತಾರೆ, ಮಂಡ್ಯದಲ್ಲಿ ಇಂಗ್ಲೀಷು ಇಸ್ಕೂಲು ಅಂತಾರೆ. ನಮ್ಮೂರಿಂದಂತೂ ಇದ್ದೇ ಅದೆ. ಯಾವುದಕ್ಕೆ ಆಕ್ಲಿ, ನೀವೇ ಹೇಳ್ಬುಡಿ" ಎಂದನು. ನಾನು ನನಗೆ ತಿಳಿದಷ್ಟನ್ನು ವಿವರಿಸುತ್ತಿದ್ದೆನು. ಅದುವರೆಗೆ ಕಂಬವನ್ನೊರಗಿ ಸುಮ್ಮನೆ ನಿಂತಿದ್ದ ಹುಡುಗಿಯು, "ನಮ್ಮ ಕ್ಲಾಸಲ್ಲಿ ಇರೋದೇ ಏಳು ಜನ, ಸಾರ್. ನಾನು ಹೋದ್ರೆ ಇಸ್ಕೂಲು ಮುಚ್ಬುಡ್ತಾರಾ?" ಎಂದು ಕೇಳಿದಳು. ತಂದೆಯು ನಕ್ಕುಬಿಟ್ಟನು. ನನಗೆ ಉತ್ತರ ತೋಚಲಿಲ್ಲ.

ಆಯ್ಕೆಯೆಂಬುದೇ ನಮ್ಮ ಸೀಮೆಗೆ ಹೊಸದು. ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಬಿ. ಎಲ್. ರೈಸ್ ಅವರು 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮುಂದಿಟ್ಟಾಗ, ಶಾಲೆಯುಂಟೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಾಗಿದ್ದಿತು, ಯಾವ ಶಾಲೆಯೆಂಬುದಲ್ಲ. ಇಂದು ಹಾಗಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶ್ರಯದಲ್ಲಿ ಬೆಳೆದ ಜವಾಹರ ನವೋದಯ ವಿದ್ಯಾಲಯಗಳಿವೆ. ಆರನೆಯ ತರಗತಿಗೆ ಜಿಲ್ಲೆಯೊಂದರಲ್ಲಿ ಸಾಮಾನ್ಯವಾಗಿ ಎಂಭತ್ತು ಮಕ್ಕಳನ್ನು ಪರೀಕ್ಷೆಯಿಂದ ಆರಿಸುತ್ತಾರೆ. ಅವುಗಳಲ್ಲಿ ನೂರಕ್ಕೆ ಎಪ್ಪತ್ತೈದು ಸ್ಥಾನಗಳಾದರೂ ಗ್ರಾಮಾಂತರದ ಮಕ್ಕಳಿಗೆ ಮೀಸಲು. ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಇಂಗ್ಲಿಷ್ ಮಾಧ್ಯಮದ ಆದರ್ಶ ವಿದ್ಯಾಲಯಗಳೂ ಇವೆ. ಅಲ್ಲಿಗೂ ಪ್ರವೇಶ ಪರೀಕ್ಷೆಯೇ ಬಾಗಿಲು. ಒಂದೇ ಆವರಣದಲ್ಲಿ ಶಿಶುತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು 2018ರಿಂದ ತಲೆಯೆತ್ತಿವೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಸರ್ಕಾರದವರು ಮುಂದಾದರು. ಇವೆಲ್ಲಕ್ಕೂ ಹೊರಗೆ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಬೆಳಗಾದರೆ ಹಳ್ಳಿಯ ಬಾಗಿಲಿಗೇ ಬರುತ್ತವೆ.

ಇಷ್ಟು ದಾರಿಗಳು ತೆರೆದಿರುವಾಗ ಊರ ಶಾಲೆಯನ್ನು ಬಿಟ್ಟುಹೋಗುವುದು ತಪ್ಪೇ?

ತಪ್ಪೆಂದು ವಾದಿಸತಕ್ಕವರು ನಮ್ಮ ಮಿತ್ರರಲ್ಲಿ ಅನೇಕರಿದ್ದಾರೆ. ಅವರು ಕಠೋಪನಿಷತ್ತಿನ ಶ್ರೇಯಸ್ಸು ಪ್ರೇಯಸ್ಸುಗಳ ವಿಭಾಗವನ್ನು ಇಲ್ಲಿಗೆ ತಂದು, ಊರ ಕನ್ನಡ ಶಾಲೆಯು ಶ್ರೇಯಸ್ಸು, ಪಟ್ಟಣದ ಇಂಗ್ಲಿಷ್ ಶಾಲೆಯು ಪ್ರೇಯಸ್ಸು ಎಂದು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ಪಾಠಶಾಲೆಯಲ್ಲಿ ಓದಿದ ನನಗೂ ಈ ಮಾತು ಮೊದಮೊದಲು ರುಚಿಸಿತ್ತು. ಆದರೆ ಪರಿಶೀಲಿಸಿದರೆ ಇದು ನಿಲ್ಲತಕ್ಕದ್ದಲ್ಲ. ನಚಿಕೇತನು ಆರಿಸಿಕೊಂಡದ್ದು ತನಗಾಗಿ; ತಂದೆಯಾದವನು ಆರಿಸುವುದು ಇನ್ನೊಂದು ಜೀವಕ್ಕಾಗಿ. ತನ್ನ ಸುಖವನ್ನು ತಾನು ತ್ಯಜಿಸುವುದು ತ್ಯಾಗ; ಮಗುವಿನ ಅನುಕೂಲವನ್ನು ತಾನು ತ್ಯಜಿಸುವುದು ತ್ಯಾಗವಲ್ಲ. ಅದೇ ಉಪನಿಷತ್ತಿನಲ್ಲಿ ಯಜ್ಞದ ಪುಣ್ಯವನ್ನರಸುತ್ತಿದ್ದ ತಂದೆಯು ಸಿಟ್ಟಿನಲ್ಲಿ ಮಗನನ್ನು ಯಮನಿಗೆ ಕೊಟ್ಟೆನೆಂದು ನುಡಿದುಬಿಟ್ಟನು. ಆ ದಾನವನ್ನು ಯಾರೂ ಹೊಗಳುವುದಿಲ್ಲ. ಊರಿನ ಶಾಲೆ ಉಳಿಯಲೆಂದು ತನ್ನ ಮಗುವಿನ ವಿದ್ಯೆಯನ್ನು ಬಲಿಗೊಡೆಂದು ಒಬ್ಬ ಬಡರೈತನಿಗೆ ಹೇಳಲು ನನಗಾವ ಅಧಿಕಾರವಿದೆ? ಮಗಳು ಗದ್ದೆಯ ಕೆಸರಿನಿಂದಾಚೆ ಒಂದು ಜೀವನವನ್ನು ಕಾಣಲೆಂಬ ಅವನ ಹಂಬಲವನ್ನು ಪ್ರೇಯಸ್ಸೆಂದು ಹಳಿಯುವುದು ಹೊಟ್ಟೆ ತುಂಬಿದವರ ಮಾತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ 2014ರ ಮೇ 6ರಂದು ನಮ್ಮ ರಾಜ್ಯದ ಭಾಷಾನೀತಿಯ ಮೊಕದ್ದಮೆಯಲ್ಲಿ, ಪ್ರಾಥಮಿಕ ಹಂತದ ಬೋಧನಾ ಮಾಧ್ಯಮದ ಆಯ್ಕೆಯು ಮಗುವಿಗೂ ಅದರ ಪರವಾಗಿ ತಂದೆತಾಯಿಗಳಿಗೂ ಸೇರಿದ್ದು, ಸರ್ಕಾರವು ಅದನ್ನು ಹೇರಲಾಗದು ಎಂದು ತೀರ್ಪಿತ್ತಿತು. ಕನ್ನಡಾಭಿಮಾನಿಯಾದ ನನಗೆ ಆ ತೀರ್ಪು ನೋವನ್ನುಂಟುಮಾಡಿದರೂ, ಅದರಲ್ಲಿನ ತತ್ತ್ವವನ್ನು ನಿರಾಕರಿಸುವುದು ಸುಲಭವಲ್ಲ.

ಹಾಗಾದರೆ ವಿಚಾರವು ಇಲ್ಲಿಗೆ ಮುಗಿಯಿತೇ? ಮುಗಿಯಲಿಲ್ಲ. ಅದಕ್ಕೆ ಕಾರಣವನ್ನು ನನ್ನ ಜೀವನದಿಂದಲೇ ಹೇಳಬೇಕಾಗಿದೆ.

1990ರ ದಶಕದಲ್ಲಿ ನಾನು ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನು. ನನ್ನ ಮಗನು ಮೂರನೆಯ ತರಗತಿಯವರೆಗೆ ಅಲ್ಲಿಯೇ ಓದಿದನು. ಆ ದಿನಗಳಲ್ಲಿ ಮಳೆಗೆ ಹಿಂದಿನ ಕೊಠಡಿ ಸೋರಿದಾಗ ನಾನು ಅರ್ಜಿ ಬರೆದು, ಮೂರು ಸಲ ಕಛೇರಿಗೆ ಅಲೆದು, ಹೆಂಚು ಹೊದಿಸಿದ ಹೊರತು ಬಿಟ್ಟಿರಲಿಲ್ಲ. ನಾಲ್ಕನೆಯ ತರಗತಿಗೆ ಮಗನನ್ನು ಪಟ್ಟಣದ ಖಾಸಗಿ ಶಾಲೆಗೆ ಸೇರಿಸಿದೆನು. ಊರಿನ ಹಿರಿಯರೊಬ್ಬರು, "ಅಲ್ಲ ಮೇಷ್ಟ್ರೇ, ಅಂಗ್ಡಿಯವ್ನೇ ತನ್ನ ಅಂಗ್ಡಿ ಅಕ್ಕಿ ಉಣ್ಣಲ್ಲ ಅಂದ್ರೆ ನಾವು ಹೆಂಗೆ ಕೊಳ್ಳಾದು?" ಎಂದರು. ಆ ಮಾತು ಮುಳ್ಳಿನಂತೆ ನಾಟಿತು. ಆದರೂ ನನ್ನ ತಪ್ಪು ಅದಾಗಿರಲಿಲ್ಲವೆಂದು ಈಗ ತೋರುತ್ತದೆ. ತಪ್ಪು ನಡೆದದ್ದು ಮರುವರ್ಷದ ಮಳೆಗಾಲದಲ್ಲಿ. ಅದೇ ಕೊಠಡಿ ಮತ್ತೆ ಸೋರಿತು. ನಾನು ಒಂದು ಅರ್ಜಿ ಬರೆದು ಕಳುಹಿಸಿ ಸುಮ್ಮನಾದೆನು. ಪಾಠದಲ್ಲಿ ನಾನು ಕಡಮೆ ಮಾಡಲಿಲ್ಲ, ರಜೆಯನ್ನು ಹೆಚ್ಚು ಪಡೆಯಲಿಲ್ಲ. ಆದರೆ ನೆನೆಯುತ್ತಿದ್ದುದು ನನ್ನ ಮಗನ ಪುಸ್ತಕವಾಗಿರಲಿಲ್ಲ. ಇಷ್ಟೇ ವ್ಯತ್ಯಾಸ. ಎರಡು ಮಳೆಗಾಲ ಆ ಮಕ್ಕಳು ಬೆಂಚನ್ನು ಒಂದು ಮೂಲೆಗೆ ಎಳೆದುಕೊಂಡು ಕುಳಿತರು.

ಮಗುವೊಂದು ಊರ ಶಾಲೆಯನ್ನು ಬಿಟ್ಟಾಗ ಹೋಗುವುದು ಒಂದು ಮಗು ಮಾತ್ರವಲ್ಲ. ಆ ಮಗುವಿನ ಬೆನ್ನಿಗಿದ್ದ ಹಿರಿಯರ ಕಳಕಳಿಯೂ ಹೋಗುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟಾದರೂ ಮಕ್ಕಳ ಪೋಷಕರೇ ಇರತಕ್ಕದ್ದು. ನಿಯಮವು ಯುಕ್ತವಾದುದೇ. ಆದರೆ ಓದುಬರೆಹ ಬಲ್ಲವರು, ಕಛೇರಿಯಲ್ಲಿ ಮಾತನಾಡಬಲ್ಲವರು ಮೊದಲು ಮಕ್ಕಳನ್ನು ಬಿಡಿಸಿಕೊಂಡು ಹೋದರೆ, ಸಮಿತಿಯಲ್ಲಿ ಉಳಿಯತಕ್ಕವರು ಕೂಲಿಯನ್ನು ಬಿಟ್ಟು ಸಭೆಗೆ ಬರಲಾರದವರು. ಉಪಾಧ್ಯಾಯರ ಹುದ್ದೆ ಖಾಲಿ ಬಿದ್ದರೆ ಕೇಳತಕ್ಕವರಾರು? ಶಾಲೆ ಬಡವಾಗುತ್ತದೆ, ಬಡವಾಯಿತೆಂದು ಇನ್ನಷ್ಟು ಜನರು ಬಿಡುತ್ತಾರೆ.

ನಾಲೆಯ ನೀರಿನ ನ್ಯಾಯವನ್ನು ಮಂಡ್ಯದವರಿಗೆ ನಾನು ಹೇಳಿಕೊಡಬೇಕಾದುದಿಲ್ಲ. ಮೇಲಿನ ಗದ್ದೆಯವನು ನೀರು ಕಟ್ಟಿಕೊಳ್ಳುವುದು ಕಳ್ಳತನವಲ್ಲ. ಅವನ ಪೈರೂ ಪೈರೇ. ಆದರೆ ತೂಬಿನ ಬಳಿಯವರು ತಮ್ಮ ಗದ್ದೆ ತುಂಬಿದೊಡನೆ ಮನೆಗೆ ಹೋಗಿ ಮಲಗಿದರೆ ಕೊನೆಯ ಭಾಗ ಒಣಗುತ್ತದೆ. ಅಲ್ಲಿ ಯಾರೊಬ್ಬನೂ ಪಾಪ ಮಾಡಿದವನಲ್ಲ, ಆದರೂ ಪೈರು ಸತ್ತಿತು. ಶಾಲೆಯ ವಿಷಯದಲ್ಲಿ ನಡೆಯುತ್ತಿರುವುದೂ ಇದೇ.

ಪರೀಕ್ಷೆಯಿಂದ ಆರಿಸುವ ವಿಶೇಷ ಶಾಲೆಗಳ ವಿಷಯದಲ್ಲಿ ಇನ್ನೊಂದು ಮಾತುಂಟು. ನವೋದಯದ ಆರನೆಯ ತರಗತಿಯ ಪರೀಕ್ಷೆಗೆ ಮಗುವು ಒಂದೇ ಸಲ ಕುಳಿತುಕೊಳ್ಳಬಹುದು. ಹತ್ತು ವರ್ಷದ ಮಗುವಿಗೆ ಅದೊಂದು ದಿನ. ಉಪಾಧ್ಯಾಯರಾದ ನಾವು ಏನು ಮಾಡುತ್ತೇವೆ? ಗೆಲ್ಲಬಹುದಾದ ಒಂದಿಬ್ಬರನ್ನು ಮುಂದೆ ಕೂರಿಸಿಕೊಂಡು ತಿಂಗಳುಗಟ್ಟಲೆ ಲೆಕ್ಕ ಮಾಡಿಸುತ್ತೇವೆ. ಉಳಿದವರಿಗೆ ಮಗ್ಗಿ ಬರೆಯಿರೆಂದು ಹೇಳುತ್ತೇವೆ. ನಾನೂ ಮಾಡಿದ್ದೇನೆ, ಗೆದ್ದ ಮಗುವಿನ ಹೆಸರನ್ನು ಹೇಳಿಕೊಂಡು ಹೆಮ್ಮೆಪಟ್ಟಿದ್ದೇನೆ. ಮಗ್ಗಿ ಬರೆಯುತ್ತ ಹಿಂದೆ ಕುಳಿತವರ ಹೆಸರುಗಳು ಈಗ ನೆನಪಿಗೆ ಬರುವುದಿಲ್ಲ. ನಾನು ಓದಿದ ಪಾಠಶಾಲೆಯೂ ಒಂದು ಬಗೆಯ ವಿಶೇಷ ಶಾಲೆಯೇ. ಅದರ ಬಾಗಿಲು ಎಷ್ಟು ಜನಕ್ಕೆ ತೆರೆದಿತ್ತೆಂಬುದನ್ನು ನೆನೆದರೆ, ಇಂದಿನ ಶಾಲೆಗಳನ್ನು ಆಕ್ಷೇಪಿಸುವ ಮೊದಲು ನಾನು ತಲೆತಗ್ಗಿಸಬೇಕಾಗುತ್ತದೆ.

ಆದುದರಿಂದ ನನಗೆ ತೋರುವ ನಿರ್ಣಯವಿದು. ಒಳ್ಳೆಯ ಶಾಲೆಯನ್ನು ಆರಿಸುವುದು ದೋಷವಲ್ಲ. ಆರಿಸಿದೊಡನೆ ಋಣ ತೀರಿತೆಂದು ಭಾವಿಸುವುದು ದೋಷ. ಮನುಷ್ಯನು ಹುಟ್ಟುತ್ತಲೇ ಹೊರುವ ಮೂರು ಋಣಗಳಲ್ಲಿ ಋಷಿಋಣವೂ ಒಂದೆಂದು ನಮ್ಮ ಹಿರಿಯರು ಹೇಳಿದರು. ಕಲಿತುದನ್ನು ಉಳಿಸಿ ಮುಂದಕ್ಕೆ ದಾಟಿಸುವುದರಿಂದ ಅದು ತೀರತಕ್ಕದ್ದು. ನಮ್ಮಲ್ಲಿ ಬಹುಮಂದಿಗೆ ಅಕ್ಷರವನ್ನಿತ್ತದ್ದು ಊರ ಶಾಲೆ. ಮಗುವನ್ನು ಬೇರೆಡೆಗೆ ಕಳುಹಿಸಿದವನು ಆ ಶಾಲೆಯ ಸಭೆಗೆ ಹೋಗಿ ಕುಳಿತುಕೊಳ್ಳಬಹುದು, ಖಾಲಿ ಹುದ್ದೆಗೆ ಅರ್ಜಿ ಬರೆದುಕೊಡಬಹುದು, ವಾರಕ್ಕೊಂದು ಗಂಟೆ ಪಾಠ ಹೇಳಬಹುದು. ಸಮಿತಿಯಲ್ಲಿ ಸ್ಥಾನವಿಲ್ಲದವನ ಅರ್ಜಿಯನ್ನು ಯಾವ ಕಾಯಿದೆಯೂ ತಡೆದಿಲ್ಲ. ಇದು ದೊಡ್ಡ ಪರಿಹಾರವಲ್ಲವೆಂಬುದನ್ನು ಬಲ್ಲೆ. ಶಾಲೆಗಳನ್ನು ನಡೆಸುವ ಹೊಣೆ ಸರ್ಕಾರದ್ದು. ಆದರೆ ಕೇಳುವವರಿಲ್ಲದಿದ್ದರೆ ಸರ್ಕಾರದ ಹೊಣೆಯೂ ನಿದ್ರಿಸುತ್ತದೆ.

ಅಂದು ಆ ಹುಡುಗಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು: "ಶಾಲೆ ಮುಚ್ಚುವುದೂ ಉಳಿಯುವುದೂ ನಿನ್ನ ಭಾರವಲ್ಲ, ಮಗೂ. ಅದು ನಮ್ಮ ಭಾರ. ನೀನು ಪರೀಕ್ಷೆ ಬರೆ." ಅವಳು ಬರೆದಳು, ಆಯ್ಕೆಯಾಗಲಿಲ್ಲ. ಈಗ ಊರ ಶಾಲೆಯಲ್ಲಿಯೇ ಆರನೆಯ ತರಗತಿಯಲ್ಲಿದ್ದಾಳೆ. ಮಂಗಳವಾರ, ಶುಕ್ರವಾರಗಳಂದು ನಾನು ಅಲ್ಲಿಗೆ ಹೋಗಿ ಏಳು ಮಕ್ಕಳಿಗೂ ಕನ್ನಡ ವ್ಯಾಕರಣವನ್ನೂ ಲೆಕ್ಕವನ್ನೂ ಹೇಳಿಕೊಡುತ್ತೇನೆ. ಏಳು ಹೆಸರುಗಳೂ ನನಗೆ ನೆನಪಿವೆ. ಮಳೆಗಾಲದಲ್ಲಿ ಒಳಗೆ ಕಾಲಿಟ್ಟೊಡನೆ ಮೊದಲು ಮಾಡನ್ನು ನೋಡುತ್ತೇನೆ.