ಮೆಚ್ಚುಗೆಯಿಂದ ತಿದ್ದುವುದು ನ್ಯಾಯವೇ?

ಕೆಲಸಗಾರನನ್ನು ದಂಡನೆಯಿಂದಲೇ ತಿದ್ದಬೇಕೆಂಬುದು ಬಹುಕಾಲದಿಂದ ನಡೆದುಬಂದ ನಂಬಿಕೆ. ಕಚೇರಿಯಾಗಲಿ, ಕಾರ್ಖಾನೆಯಾಗಲಿ, ಶಾಲೆಯಾಗಲಿ, ಮೇಲಧಿಕಾರಿಯ ಕಣ್ಣಿಗೆ ಮೊದಲು ಬೀಳುವುದು ಕುಂದು. ಸರಿಯಾಗಿ ನಡೆದ ಕೆಲಸವು ಯಾರ ಗಮನಕ್ಕೂ ಬಾರದೆ ಸಾಗಿಹೋಗುತ್ತದೆ. ಈ ನಂಬಿಕೆಗೆ ಎದುರಾಗಿ ನಿಂತುದು ವರ್ತನಾ ವಿಶ್ಲೇಷಣೆಯೆಂಬ ಶಾಸ್ತ್ರ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿ. ಎಫ್. ಸ್ಕಿನ್ನರ್ (1904–1990) ಅವರು ಇದಕ್ಕೆ ತಳಹದಿ ಹಾಕಿದರು. ಯಾವ ನಡತೆಯ ಬೆನ್ನಿಗೇ ಹಿತವಾದ ಫಲವೊದಗುವುದೋ ಆ ನಡತೆ ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ ಎಂಬುದೇ ಅದರ ತಿರುಳು. ಇದಕ್ಕೆ ಪುನರ್ಬಲನವೆಂದು ಹೆಸರು.

ಈ ತತ್ತ್ವವನ್ನು ಉದ್ಯೋಗರಂಗಕ್ಕೆ ಅಳವಡಿಸಿದವರಲ್ಲಿ ಎಡ್ವರ್ಡ್ ಫೀನಿಯವರೊಬ್ಬರು. ಅವರಿದ್ದುದು ಅಮೆರಿಕದಲ್ಲಿ ವಿಮಾನದ ಮೂಲಕ ಸರಕು ಸಾಗಿಸುತ್ತಿದ್ದ ಎಮೆರಿ ಏರ್ ಫ್ರೈಟ್ ಎಂಬ ಕಂಪೆನಿಯಲ್ಲಿ. ಬಿಡಿ ಕಟ್ಟುಗಳನ್ನು ದೊಡ್ಡ ಪೆಟ್ಟಿಗೆಗಳಲ್ಲಿ ಒಟ್ಟುಗೂಡಿಸಿ ಕಳುಹಿಸಿದರೆ ಖರ್ಚು ಉಳಿಯುತ್ತಿತ್ತು. ಸಾಧ್ಯವಿದ್ದಾಗಲೆಲ್ಲ, ನೂರಕ್ಕೆ 90 ಸಲ, ತಾವು ಹಾಗೆಯೇ ಮಾಡುತ್ತಿದ್ದೇವೆಂದು ನೌಕರರು ನಂಬಿದ್ದರು. ಲೆಕ್ಕ ಹಾಕಿದಾಗ ಕಂಡುದು 45 ಮಾತ್ರ! ಆಗ ಯಾರನ್ನೂ ಗದರಿಸಲಿಲ್ಲ. ತಮ್ಮ ಕೆಲಸವನ್ನು ತಾವೇ ಗುರುತುಹಾಕಿಕೊಳ್ಳಲು ನೌಕರರಿಗೆ ಒಂದು ಪಟ್ಟಿ ಕೊಟ್ಟರು. ಕೆಲಸ ಸುಧಾರಿಸಿದಂತೆಲ್ಲ ಮೇಲ್ವಿಚಾರಕರು ಮೆಚ್ಚುಗೆಯ ಮಾತಾಡಿದರು. 1973ರಲ್ಲಿ ಪ್ರಕಟವಾದ ವರದಿಯಂತೆ ಆ ಪ್ರಮಾಣ 90ನ್ನು ಮೀರಿತು.

ಇಲ್ಲಿ ಧರ್ಮಜಿಜ್ಞಾಸೆಯೊಂದು ಏಳುತ್ತದೆ. ಇಲಿ, ಪಾರಿವಾಳಗಳ ಮೇಲೆ ಕಂಡುಕೊಂಡ ಉಪಾಯವನ್ನು ಮನುಷ್ಯನ ಮೇಲೆ ಹೂಡಬಹುದೇ? ಉಳಿತಾಯ ಒಡೆಯನಿಗೆ, ಹೊಗಳಿಕೆ ಮಾತ್ರ ಆಳಿಗೆ ಎಂದಾದರೆ ಅದು ಗಾಳಕ್ಕೆ ಸಿಕ್ಕಿಸಿದ ಎರೆಯಾಗದೆ? ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕೆನ್ನುವ ನಾಡಿನಲ್ಲಿ ಫಲವನ್ನೇ ಮುಂದಿಟ್ಟು ಕೆಲಸ ಕಲಿಸುವುದು ಸರಿಯೇ?

ಈ ಆಕ್ಷೇಪಗಳನ್ನು ತಳ್ಳಿಹಾಕಲಾಗದು. ಆದರೆ ತಿದ್ದುವವರಿಲ್ಲದ ಲೋಕವೂ ಇಲ್ಲ. ಮೌನ, ತಾತ್ಸಾರ, ಗದರಿಕೆಗಳೂ ಮನುಷ್ಯನನ್ನು ರೂಪಿಸುತ್ತಲೇ ಇರುತ್ತವೆ. ಆದುದರಿಂದ ತಿದ್ದಬೇಕೋ ಬೇಡವೋ ಎಂದು ಕೇಳಿ ಫಲವಿಲ್ಲ. ಯಾವ ರೀತಿಯಿಂದ ತಿದ್ದಿದರೆ ಮನುಷ್ಯನ ಮಾನ ಉಳಿದೀತು ಎಂದು ಕೇಳಬೇಕು.

ಅದಕ್ಕೆ ಎರಡು ಒರೆಗಲ್ಲುಗಳಿವೆಯೆಂದು ನನ್ನ ಎಣಿಕೆ. ಮೊದಲನೆಯದು ಬಯಲಿನದು. ಬಳಸುವ ಉಪಾಯವನ್ನು ಕೆಲಸಗಾರನ ಮುಂದೆಯೇ ಬಿಚ್ಚಿ ಹೇಳಬಹುದೇ? ಮುಖಸ್ತುತಿಯ ಗುಟ್ಟು ಹೊರಬಿದ್ದೊಡನೆ ಅದು ಸತ್ತುಹೋಗುತ್ತದೆ. ನಿಜವಾದ ಕೆಲಸಕ್ಕೆ ಸಂದ ಮೆಚ್ಚುಗೆಯಾದರೋ ಕಾರಣ ತಿಳಿದಷ್ಟೂ ಗಟ್ಟಿಯಾಗುತ್ತದೆ. ಆ ನೌಕರರಿಗೆ ಹೊಗಳಿಕೆಗಿಂತ ಮೊದಲು ದೊರೆತುದು ಸತ್ಯ. ಅದನ್ನು ಬರೆದಿಡುವ ಪಟ್ಟಿಯೂ ಅವರ ಕೈಯಲ್ಲೇ ಇತ್ತು. ಎರಡನೆಯದು ಪಾಲಿನದು. ಸಲ್ಲಬೇಕಾದ ಸಂಬಳದ ಬದಲಿಗೆ ಸವಿನುಡಿಯನ್ನು ಕೊಟ್ಟರೆ ಅದು ವಂಚನೆಯೇ ಸರಿ.

ಉಪಾಧ್ಯಾಯರಾದ ನಮಗೆ ಇನ್ನೊಂದು ಪ್ರಯೋಗ ಹೆಚ್ಚು ಹತ್ತಿರದ್ದು. ಮ್ಯಾಡ್ಸೆನ್, ಬೆಕರ್, ಥಾಮಸ್ ಎಂಬ ವಿದ್ವಾಂಸರು 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬ್ಬರು ಪ್ರಾಥಮಿಕ ಶಾಲೆಯ ಉಪಾಧ್ಯಾಯರೂ ಮೂವರು ಗಲಾಟೆಯ ಮಕ್ಕಳೂ ಇದ್ದರು. ನಿಯಮಗಳನ್ನು ಹೇಳಿದ ಮಾತ್ರಕ್ಕೆ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಸಣ್ಣ ತಂಟೆಯನ್ನು ಲಕ್ಷಿಸದೆ, ಒಳ್ಳೆಯ ನಡತೆಯನ್ನು ಕಂಡಾಗಲೆಲ್ಲ ಮೆಚ್ಚಿದಾಗ ಮಕ್ಕಳು ತಿದ್ದಿಕೊಂಡರು. ಗಮನಿಸಿರಿ: ಮಕ್ಕಳಿಗಿಂತ ಮೊದಲು ಬದಲಾದವರು ಉಪಾಧ್ಯಾಯರು. ಒಳ್ಳೆಯದನ್ನು ಮೆಚ್ಚಬೇಕಾದರೆ ಮೊದಲು ಅದನ್ನು ನೋಡಬೇಕು. ನೋಡುವುದಕ್ಕೆ ತಾಳ್ಮೆ ಬೇಕು. ಹೀಗೆ ಈ ಶಿಕ್ಷಣದ ಭಾರ ಕಲಿಸುವವನ ಹೆಗಲ ಮೇಲೆಯೇ ಮೊದಲು ಬೀಳುತ್ತದೆ.

ನಿಷ್ಕಾಮವೆಂಬ ಆದರ್ಶವನ್ನು ನಾವು ನಮಗೆ ವಿಧಿಸಿಕೊಳ್ಳಬಹುದು. ಅದನ್ನೇ ನೆಪಮಾಡಿ ಇನ್ನೊಬ್ಬನ ದುಡಿಮೆಯನ್ನು ಕಾಣದಂತೆ ಇರುವುದಕ್ಕೆ ನಮಗೆ ಯಾವ ಅಧಿಕಾರವಿದೆ? ಶಾಲೆಯ ಗಂಟೆ ಬಾರಿಸುವ ಜವಾನನಿಂದ ಮುಖ್ಯೋಪಾಧ್ಯಾಯರವರೆಗೆ ಎಲ್ಲರ ವಿಷಯದಲ್ಲಿಯೂ ವಾಚಕರು ಇದನ್ನು ವಿಚಾರಿಸಿ ನೋಡಬೇಕು.