ಇಂದಿನ ಧಮ್ಮ ಚಿಂತನೆ: ಮುಂದಿನ ಬ್ರೇಕು



ಕಳೆದ ವಾರ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲೇ ತಮ್ಮನ ಮಗಳು ಸೈಕಲ್‌ನಿಂದ ಬಿದ್ದಳು. ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಯೋಜನೆಯಲ್ಲಿ ಅವಳ ಅಕ್ಕನಿಗೆ ಬಂದಿದ್ದ ಸೈಕಲ್ಲು. ಕರು ಅಡ್ಡ ಬಂತು. ಹಿಂದಿನ ಬ್ರೇಕ್ ಒಂದನ್ನೇ ಬಿಗಿಯಾಗಿ ಹಿಡಿದಳು. ಚಕ್ರ ಜಾರಿತು, ಮಂಡಿ ತರಚಿ ರಕ್ತ. ಓಡಿಹೋದ ನಾನು ಅವಳನ್ನು ಎತ್ತುವ ಮೊದಲೇ ಬೈದೆ. ದಿನವೂ ಬೆಳಿಗ್ಗೆ ಆನಾಪಾನಸತಿಗೆ ಕೂರುವ ಮನುಷ್ಯ ನಾನು!

ತಪ್ಪು ನನ್ನದೇ. 'ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ' ಎಂದು ಹೆದರಿಸಿದ್ದವನು ನಾನು. ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರಕ್ಕೆ ವಾಲುತ್ತದೆ. ಹಗುರಾದ ಹಿಂದಿನ ಚಕ್ರ ನಿಲ್ಲುವುದಕ್ಕಿಂತ ಜಾರುವುದೇ ಹೆಚ್ಚು. ಬೇಗ ನಿಲ್ಲಿಸುವ ಶಕ್ತಿ ಇರುವುದು ಮುಂದಿನದರಲ್ಲಿ. ಗಾಬರಿಯಲ್ಲಿ ಒಮ್ಮೆಲೇ ಹಿಂಡಿದರೆ ಮಾತ್ರ ಪಲ್ಟಿ.

ಭಾನುವಾರ ಸವೆದಿದ್ದ ಬ್ರೇಕ್ ರಬ್ಬರ್ ಬದಲಾಯಿಸಿ ಮೈದಾನಕ್ಕೆ ಹೋದೆವು. ನನ್ನ ಚಪ್ಪಲಿಯನ್ನು ನೆಲದ ಮೇಲಿಟ್ಟು, ಅದನ್ನು ದಾಟಿದ ಕೂಡಲೇ ಬ್ರೇಕ್ ಹಿಡಿ ಎಂದೆ. ಹ್ಯಾಂಡಲ್ ನೇರ, ಕೈ ಗಟ್ಟಿ, ಮೈ ಹಿಂದಕ್ಕೆ. ಎರಡೂ ಬ್ರೇಕ್ ಒಟ್ಟಿಗೆ, ಮೊದಲು ಮೆಲ್ಲಗೆ, ಆಮೇಲೆ ಬಿಗಿ. ಹಿಂದಿನ ಚಕ್ರ ಎದ್ದಂತಾದರೆ ಮುಂದಿನ ಬ್ರೇಕನ್ನು ಚೂರು ಸಡಿಲಿಸಬೇಕು. ಮರಳಿನ ಮೇಲೆ, ತಿರುವಿನಲ್ಲಿ ಅದನ್ನು ಜೋರಾಗಿ ಹಿಡಿಯಬಾರದು. ತಿರುವು ಬರುವ ಮೊದಲೇ ವೇಗ ಇಳಿಸಬೇಕು. ಹಿಂದಿನ ಬ್ರೇಕ್ ಒಂದರಲ್ಲೇ ನಿಲ್ಲಲು ಹತ್ತು ಹೆಜ್ಜೆ ಬೇಕಾಯಿತು. ಎರಡೂ ಹಿಡಿದಾಗ ಐದು. ಇಪ್ಪತ್ತು ಸಲವಾದರೂ ಮಾಡಿದ್ದಾಳೆ, ಪಾಪ, ಮಂಡಿಗೆ ಪಟ್ಟಿ ಕಟ್ಟಿಕೊಂಡೇ.

ಕರು ಅಡ್ಡ ಬಂದಾಗ ಯೋಚಿಸಲು ಹೊತ್ತಿರುವುದಿಲ್ಲ, ಕೈ ತನಗೆ ರೂಢಿಯಾದದ್ದನ್ನೇ ಮಾಡುತ್ತದೆ. ನಾಲಿಗೆಯೂ ಅಷ್ಟೇ. ಧಮ್ಮಪದದ ಕ್ರೋಧವರ್ಗದಲ್ಲಿ ಸಿಟ್ಟಿಗೆ ಓಡುವ ರಥದ ಹೋಲಿಕೆ ಇದೆ, ಎಷ್ಟೋ ಸಲ ಓದಿದ್ದೇನೆ. ಆದರೆ ನನ್ನ ಸತಿ ಚಾಪೆ ಬಿಟ್ಟು ಬೀದಿಗೆ ಇಳಿದೇ ಇರಲಿಲ್ಲ. ಸಿಟ್ಟನ್ನು ಒಮ್ಮೆಲೇ ಅದುಮಿ ನೋಡಿದ್ದೂ ಉಂಟು. ಅದು ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಮೇಲೆ ಪಲ್ಟಿ ಹೊಡೆದಿತ್ತು.

ಈಗ ಸಣ್ಣದರಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಕರೆಂಟ್ ಹೋಗಿ ಮಗ್ಗ ನಿಂತಾಗ ಎದೆ ಬಿಗಿಯುತ್ತದಲ್ಲ, ಮೊದಲು ಅದನ್ನು ಗಮನಿಸುವುದು. ಒಂದು ಉಸಿರು ಪೂರ್ತಿ ಹೊರಗೆ. ಆಮೇಲೆ ಮಾತು. ನಿನ್ನೆ ಮೂರು ಸಲ ಕರೆಂಟ್ ಹೋಯಿತು, ಒಂದು ಸಲ ಸಾಧ್ಯವಾಯಿತು.

'ಮಳೆ ಬಂದಾಗ ಹೇಗೆ ಹಿಡಿಯೋದು ದೊಡ್ಡಪ್ಪ?' ಎಂದು ಕೇಳಿದ್ದಾಳೆ. ರಿಮ್ ಒದ್ದೆಯಾದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ಮುಂದಿನ ಭಾನುವಾರ ಮೈದಾನಕ್ಕೆ ಒಂದು ಕೊಡ ನೀರು ಹೊತ್ತುಕೊಂಡು ಹೋಗಬೇಕು.