ಲೋಕವಾರ್ತೆಯೂ ಗೃಹಸ್ಥನ ನುಡಿಯೂ

ಯಾದಗಿರಿಯ ಪೇಟೆಯಲ್ಲಾಗಲಿ, ಶಹಾಪುರದ ಹತ್ತಿಯಂಗಡಿಗಳ ಮುಂದಾಗಲಿ, ಸುರಪುರದ ಗುಡ್ಡದ ಬುಡದ ಕಟ್ಟೆಗಳ ಮೇಲಾಗಲಿ ಬೆಳಗಿನ ಹೊತ್ತು ನಾಲ್ಕು ಜನ ಕೂಡಿದರೆಂದರೆ ಅಲ್ಲೊಂದು ರಾಜಸಭೆಯೇ ನೆರೆದಂತಾಗುತ್ತದೆ. ದಿಲ್ಲಿಯ ಮಂತ್ರಿಮಂಡಲ ಅಲ್ಲಿ ಬೀಳುತ್ತದೆ, ಏಳುತ್ತದೆ. 2022ರಲ್ಲಿ ಯುಕ್ರೇನಿನಲ್ಲಿ ಹೊತ್ತಿಕೊಂಡ ಯುದ್ಧಕ್ಕೂ ಅಲ್ಲಿಯೇ ತೀರ್ಪು ದೊರೆಯುತ್ತದೆ. ಹಿಂದೆ ಇದಕ್ಕಾಗಿ ವೃತ್ತಪತ್ರಿಕೆ ಬರುವವರೆಗಾದರೂ ಕಾಯಬೇಕಾಗಿತ್ತು. ಈಗ ಅಂಗೈಯ ಮೊಬೈಲಿನಲ್ಲಿ ವಾರ್ತೆಯೂ ಅದರ ಮೇಲಿನ ಅಭಿಪ್ರಾಯವೂ ಜೊತೆಜೊತೆಯಾಗಿಯೇ ಬಂದಿಳಿಯುತ್ತವೆ. ಕಾಯಕನಿಷ್ಠನಾದ ಸದ್ಭಕ್ತನಿಗೆ ಈ ಮಾತುಗಾರಿಕೆ ತಕ್ಕುದೆ, ಅಲ್ಲವೆ ಎಂಬುದು ವಿಚಾರಣೀಯವಾದ ವಿಷಯ.

ತಕ್ಕುದಲ್ಲವೆಂದು ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ಗೃಹಸ್ಥನಿಗೆ ಹೊಲಮನೆ, ಲಿಂಗಪೂಜೆ, ದಾಸೋಹ ಇಷ್ಟು ಸಾಕು. ಉಳಿದುದು ಆಳುವವರ ಚಿಂತೆ ಎಂಬುದು ಅವರ ಮತ. ಈ ಮತಕ್ಕೆ ಶರಣರ ಚರಿತ್ರೆಯಲ್ಲಿ ಆಧಾರವಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು, ರಾಜ್ಯಭಾರದ ಒಳಹೊರಗನ್ನು ಬಲ್ಲವರು. ಹರಳಯ್ಯ ಮಧುವರಸರು ವರ್ಣಭೇದದ ವಿಷಯದಲ್ಲಿ ತಮಗಿದ್ದ ಅಭಿಪ್ರಾಯವನ್ನು ಕಟ್ಟೆಯ ಮೇಲೆ ಕುಳಿತು ಹೇಳಲಿಲ್ಲ. ತಮ್ಮ ಮಕ್ಕಳ ವಿವಾಹ ಮಾಡಿ ಹೇಳಿದರು, ಅದಕ್ಕಾಗಿ ಪ್ರಾಣವನ್ನೇ ತೆತ್ತರೆಂದು ಪರಂಪರೆ ಸಾರುತ್ತದೆ. ಆದುದರಿಂದ ಭಕ್ತನು ರಾಜ್ಯದ ವಿಚಾರವನ್ನು ಆಡಬಾರದೆಂಬುದು ಸಲ್ಲದು. ಕೇಳಬೇಕಾದ ಪ್ರಶ್ನೆಯೇ ಬೇರೆ. ಆಡಿದ ನುಡಿಯ ಭಾರವನ್ನು ಹೊರುವವರು ಯಾರು?

ಸುರಪುರದವರು ಇದರ ಉತ್ತರವನ್ನು ತಮ್ಮ ಮನೆಯಂಗಳದಲ್ಲಿಯೇ ಕಂಡಿದ್ದಾರೆ. 1857ರಲ್ಲಿ ಉತ್ತರದೇಶದ ದಂಗೆಯ ಸುದ್ದಿಗಳು ಒಂದರ ಮೇಲೊಂದು ಬರತೊಡಗಿದಾಗ ರಾಜಾ ವೆಂಕಟಪ್ಪನಾಯಕರು ಇನ್ನೂ ಎಳೆಯ ತರುಣರು. ಅವರ ಬಾಲ್ಯದಲ್ಲಿ 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬರು, ಸುತ್ತಲಿದ್ದವರ ದುರ್ಬೋಧೆಯಿಂದಲೇ ರಾಜರು ದಾರಿ ತಪ್ಪಿದರೆಂಬಂತೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ಆಂಗ್ಲ ಅಧಿಕಾರಿಯ ಕಣ್ಣು. ನಾಡಿನ ಅಭಿಮಾನ ರಾಜರದೇ ಆಗಿತ್ತೆಂದು ಸುರಪುರದ ಜನ ನಂಬಿದ್ದಾರೆ, ಆ ನಂಬಿಕೆ ನಿರಾಧಾರವೂ ಅಲ್ಲ. ಅದೇನೇ ಇರಲಿ, ಕಂಪನಿಯ ಆಳಿಕೆ ಇನ್ನೇನು ಮುಗಿಯಿತೆಂದು ಅರಮನೆಯ ಸುತ್ತ ಆಡಿಕೊಂಡವರು ಹಲವರಿದ್ದಿರಬೇಕು. 1858ರ ಫೆಬ್ರವರಿಯಲ್ಲಿ ಆಂಗ್ಲರ ದಂಡು ಬಂದಾಗ ರಾಜರು ಕಾದಿದರು, ಸೋತರು, ಹೈದರಾಬಾದಿನಲ್ಲಿ ಸೆರೆಸಿಕ್ಕರು. ಜೊತೆಗಿದ್ದವರ ಹೆಸರು ಹೇಳೆಂದಾಗ, ತಲೆ ಹೋದರೂ ಹೇಳೆನೆಂದರೆಂಬ ಮಾತು ಪ್ರಸಿದ್ಧವಾಗಿದೆ. ಮರಣದಂಡನೆ ಸೆರೆವಾಸಕ್ಕಿಳಿದು, ಮದ್ರಾಸಿನ ಕಡೆಗೆ ಒಯ್ಯುತ್ತಿದ್ದಾಗ ಆ ವರ್ಷವೇ ಗುಂಡೇಟಿನಿಂದ ಅವರ ಅಂತ್ಯವಾಯಿತು. ತಾವೇ ಹಾರಿಸಿಕೊಂಡರೆಂದು ಟೇಲರರು. ಅಲ್ಲ, ಕೊಂದರೆಂದು ಇನ್ನು ಕೆಲವರು. ಆಡಿದವರ ಹೆಸರನ್ನು ಇಂದು ಯಾರೂ ಅರಿಯರು. ಹೊತ್ತವರದನ್ನು ಎಲ್ಲರೂ ಅರಿಯುತ್ತಾರೆ.

ಇದಕ್ಕಿಂತ ಸಮೀಪದ ಸಂಗತಿಯೊಂದಿದೆ. ಹಿರಿಯರು ಅದನ್ನು ಮೆಲ್ಲನೆ ಮಾತ್ರ ಆಡುತ್ತಾರೆ. ನಿಜಾಮನ ಕೊನೆಯ ದಿನಗಳಲ್ಲಿ ರಜಾಕಾರರು ಈ ಸೀಮೆಯ ಹಳ್ಳಿಗಳನ್ನು ಎಷ್ಟು ಗೋಳಾಡಿಸಿದರೆಂಬುದು ಸರ್ವವಿದಿತ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಶರಣಾಯಿತು, ನಾಡು ಬಿಡುಗಡೆಯಾಯಿತು. ಆಮೇಲೆ ‘ಅವರೆಲ್ಲರೂ ಹಾಗೆಯೇ’ ಎಂಬ ಒಂದು ಸಣ್ಣ ಮಾತು ಊರೂರು ತಿರುಗಿತು. ರಜಾಕಾರನನ್ನು ಕಣ್ಣಿನಿಂದ ಕಾಣದ ಬಡ ಮುಸಲ್ಮಾನನ ಮನೆಯ ಮೇಲೆ ಅದರ ಭಾರ ಬಿದ್ದಿತು. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಎಣಿಸಿತು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಆ ಜಿಲ್ಲೆಯೊಳಗಿನವೇ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಉಂಟು. ನೆರೆಯ ಮುಸಲ್ಮಾನ ನೇಕಾರರನ್ನು ಹಿಂದೂ ನೇಕಾರರು ತಮ್ಮ ಪ್ರಾಣವನ್ನೊಡ್ಡಿ ಕಾಪಾಡಿದರಂತೆ. ಆ ನೇಕಾರರು ಯಾವ ಊರಿನವರಾದರೂ ಆಗಲಿ, ಮುದನೂರಿನ ದೇವರ ದಾಸಿಮಯ್ಯನವರ ಮಗ್ಗದ ಬಳಗದವರೆಂದೇ ಅವರನ್ನು ತಿಳಿಯಬೇಕು. ಅವರಿಗೂ ಆ ಕಾಲದ ರಾಜಕಾರಣದ ಮೇಲೆ ಅಭಿಪ್ರಾಯವಿತ್ತು. ಬಾಗಿಲಿಗೆ ಅಡ್ಡ ನಿಂತು ಅದನ್ನು ತಿಳಿಸಿದರು.

ಇಂದಿನ ಗೃಹಸ್ಥನಿಗೆ ಅಂಥ ಕಠಿಣ ಪ್ರಸಂಗವೇನೂ ಒದಗಿಲ್ಲ. ಆದರೂ ಅವನ ನುಡಿಯನ್ನು ಒರೆಗೆ ಹಚ್ಚುವ ಕಲ್ಲು ಮನೆಯ ಹತ್ತಿರವೇ ಇದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಎಡದಂಡೆಯ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ನೀರು ತಂದಿತು. ಜಲಾಶಯಕ್ಕೆ ಬಸವಸಾಗರವೆಂದೇ ಹೆಸರು. ಹಗುರ ನೀರಿನ ಬೆಳೆಗಳಿಗೆಂದು ಯೋಜಿಸಿದ ಆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ತುದಿಯ ಹೊಲದವನು ಮುಗಿಲು ನೋಡುತ್ತ ಕುಳಿತ. ಇದು ದೂರದ ವಾರ್ತೆಯಲ್ಲ, ಯಾವ ಪತ್ರಿಕೆಯೂ ಹೇಳಿಕೊಡಬೇಕಾಗಿಲ್ಲ. ಎಕರೆ ಎಷ್ಟು, ನೀರು ಎಷ್ಟು, ತೂಬನ್ನು ರಾತ್ರಿ ಎತ್ತಿದವರು ಯಾರು, ಎಲ್ಲವೂ ಕಟ್ಟೆಯ ಮೇಲಿನ ಪ್ರತಿಯೊಬ್ಬನಿಗೂ ಗೊತ್ತು. ನೀರಿನ ವಿಷಯಕ್ಕೆ ಸಭೆ ಕೂಡಿದ ದಿನ, ಮೇಲಿನ ಗದ್ದೆಯವನು ಬೀಗನಾಗಿಯೋ ಸಾಲ ಕೊಟ್ಟ ಸಾಹುಕಾರನಾಗಿಯೋ ಎದುರಿಗೆ ಕುಳಿತಿರುತ್ತಾನೆ. ಯುಕ್ರೇನಿಗೆ ನ್ಯಾಯ ಹೇಳಿದ ನಾಲಗೆ ಅಂದು ಏಳುವುದಿಲ್ಲ. ತುದಿಯ ಹೊಲದ ಮುದುಕನು ಒಬ್ಬೊಬ್ಬರ ಮುಖವನ್ನೂ ನೋಡಿ, ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದು ಹೋಗುತ್ತಾನೆ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಮತ್ತೆ ದಿಲ್ಲಿಯ ಮಾತು ಪ್ರಾರಂಭವಾಗುತ್ತದೆ.